ನಿಷೇಧ ಮುಗಿಯಿತು, ಓಟ ಮತ್ತೆ ಆರಂಭವಾಗುವುದೇ?

ಬಾಳೂರು: ಕ್ರೀಡಾಪಟುವೊಬ್ಬರನ್ನು ಅಮಾನತುಗೊಳಿಸಿದ ಸುದ್ದಿ ಮೊದಲ ಪುಟದಲ್ಲಿ ಬರುತ್ತದೆ. ಅಮಾನತಿನ ಅವಧಿ ಮುಗಿದ ಸುದ್ದಿ ಒಳಪುಟದಲ್ಲಿಯೂ ಬರುವುದು ಅಪರೂಪ. ಈ ಎರಡು ದಿನಗಳ ನಡುವೆ ಆ ಕ್ರೀಡಾಪಟುವಿನ ಬದುಕಿನಲ್ಲಿ ಏನಾಗುತ್ತದೆ, ಅವರು ಮತ್ತೆ ಕಣಕ್ಕೆ ಇಳಿಯಬಲ್ಲರೇ ಎಂಬ ಪ್ರಶ್ನೆ ಮಾತ್ರ ಚರ್ಚೆಯಿಂದ ಹೊರಗೇ ಉಳಿಯುತ್ತದೆ.

ಈ ಪ್ರಶ್ನೆ ಮಲೆನಾಡಿಗೆ ದೂರದ್ದಲ್ಲ. ಬಾಳೂರು, ಕಳಸ, ಮೂಡಿಗೆರೆ ಭಾಗದ ಕಾಫಿ ತೋಟಗಳ ನಡುವಿನ ಶಾಲೆಗಳಲ್ಲಿ ಓದಿ, ತಾಲ್ಲೂಕು ಹಾಗೂ ಜಿಲ್ಲಾ ಮಟ್ಟದಲ್ಲಿ ಗೆದ್ದ ಮಕ್ಕಳಿಗೆ ಮುಂದಿರುವ ದಾರಿಗಳು ಕೆಲವೇ. ಒಂದು, ಸರ್ಕಾರದ ಕ್ರೀಡಾ ವಸತಿ ನಿಲಯ. ಇನ್ನೊಂದು, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದರೆ ಸಿಗುವ ಉಜಿರೆ, ಮೂಡುಬಿದಿರೆಯ ಕಾಲೇಜುಗಳು. ಅಲ್ಲಿಂದ ರಾಜ್ಯ ತಂಡ, ರಾಷ್ಟ್ರೀಯ ಶಿಬಿರ, ಕ್ರೀಡಾ ಮೀಸಲಿನ ನೌಕರಿ. ಈ ಏಣಿಯ ಒಂದು ಮೆಟ್ಟಿಲು ಮುರಿದರೆ ಕೆಳಗೆ ಬೀಳುವುದು ಒಬ್ಬ ಓಟಗಾರ್ತಿ ಮಾತ್ರವಲ್ಲ, ಆಕೆಯ ಕುಟುಂಬದ ಲೆಕ್ಕಾಚಾರವೂ ಹೌದು.

ಕರ್ನಾಟಕದ ಇಬ್ಬರು ಓಟಗಾರ್ತಿಯರ ಅನುಭವ ಈ ನಿಟ್ಟಿನಲ್ಲಿ ಪರಿಶೀಲನೆಗೆ ಯೋಗ್ಯವಾಗಿದೆ. ಒಬ್ಬರು, ಉಡುಪಿ ಜಿಲ್ಲೆಯ ಸಿದ್ದಾಪುರ ಭಾಗದಿಂದ ಬಂದ ಅಶ್ವಿನಿ ಅಕ್ಕುಂಜಿ. ಇನ್ನೊಬ್ಬರು, ಕೊಡಗಿನ ಮೂಲದ, ಮಂಗಳೂರಿನಲ್ಲಿ ಬೆಳೆದ ಎಂ.ಆರ್. ಪೂವಮ್ಮ.

ಎಂಟು ತಿಂಗಳ ವೈಭವ

2010ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತದ ವನಿತೆಯರು 4x400 ಮೀಟರ್ ರಿಲೇ ಚಿನ್ನ ಗೆದ್ದರು. 1958ರಲ್ಲಿ ಮಿಲ್ಖಾ ಸಿಂಗ್ ಗೆದ್ದ ನಂತರ ಈ ಕೂಟದ ಓಟದ ಸ್ಪರ್ಧೆಗಳಲ್ಲಿ ಭಾರತಕ್ಕೆ ದೊರೆತ ಮೊದಲ ಚಿನ್ನ ಅದಾಗಿತ್ತು. ಆ ನಾಲ್ವರಲ್ಲಿ ಅಶ್ವಿನಿ ಒಬ್ಬರು. ಮರು ತಿಂಗಳೇ ಚೀನಾದ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅವರು 400 ಮೀಟರ್ ಹರ್ಡಲ್ಸ್‌ನಲ್ಲಿ 56.15 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚಿನ್ನ ಗೆದ್ದರು. ರಿಲೇಯಲ್ಲಿ ಇನ್ನೊಂದು ಚಿನ್ನ. ಆಗ ಅವರ ವಯಸ್ಸು 23.

ಎಂಟು ತಿಂಗಳೂ ಕಳೆಯಲಿಲ್ಲ. 2011ರ ಜುಲೈ ಆರಂಭದಲ್ಲಿ ಅವರ ಮಾದರಿಯಲ್ಲಿ ಅನಬಾಲಿಕ್ ಸ್ಟೆರಾಯ್ಡ್ ಪತ್ತೆಯಾದ ಸುದ್ದಿ ಹೊರಬಿತ್ತು. ಸಿನಿ ಜೋಸ್, ಮನ್‌ದೀಪ್ ಕೌರ್, ಜೌನಾ ಮುರ್ಮು, ಟಿಯಾನಾ ಮೇರಿ ಥಾಮಸ್ ಮತ್ತು ಪ್ರಿಯಾಂಕಾ ಪನ್ವಾರ್ ಅವರ ಹೆಸರುಗಳೂ ಅದೇ ಪಟ್ಟಿಯಲ್ಲಿದ್ದವು. ತರಬೇತುದಾರ, ಉಕ್ರೇನಿನ ಯೂರಿ ಒಗೊರೊದ್ನಿಕ್ ಅವರನ್ನು ಸರ್ಕಾರ ಕೂಡಲೇ ವಜಾಗೊಳಿಸಿತು. ಶಿಬಿರದಲ್ಲಿ ತಮಗೆ ನೀಡಲಾದ ಜಿನ್‌ಸೆಂಗ್ ಪೂರಕ ಆಹಾರವೇ ಕಲಬೆರಕೆಯಾಗಿತ್ತು ಎಂಬುದು ಓಟಗಾರ್ತಿಯರ ವಾದವಾಗಿತ್ತು.

2011ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯ (ನಾಡಾ) ಶಿಸ್ತು ಸಮಿತಿ ಈ ವಾದಕ್ಕೆ ಭಾಗಶಃ ಕಿವಿಗೊಟ್ಟು ಒಂದು ವರ್ಷದ ನಿಷೇಧ ವಿಧಿಸಿತು. ಲೆಕ್ಕ ಹಾಕಿದರೆ 2012ರ ಲಂಡನ್ ಒಲಿಂಪಿಕ್ಸ್‌ನ ಬಾಗಿಲು ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಆದರೆ ಅಂತರರಾಷ್ಟ್ರೀಯ ಅಥ್ಲೆಟಿಕ್ ಫೆಡರೇಷನ್ ಮೇಲ್ಮನವಿ ಸಲ್ಲಿಸಿತು. 2012ರಲ್ಲಿ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ ನಿಷೇಧವನ್ನು ಎರಡು ವರ್ಷಕ್ಕೆ ಏರಿಸಿತು. ದೇಹದೊಳಗೆ ಏನು ಸೇರುತ್ತದೆ ಎಂಬುದಕ್ಕೆ ಕ್ರೀಡಾಪಟುವೇ ಹೊಣೆ ಎಂಬುದು ಈ ಕಾನೂನಿನ ಮೂಲ ತತ್ವ. ಕೊಟ್ಟವರು ಯಾರು ಎಂಬ ಪ್ರಶ್ನೆ ಅಲ್ಲಿ ಎರಡನೆಯದು.

ಮೂರು ತಿಂಗಳು ಎರಡು ವರ್ಷವಾದ ಬಗೆ

ಹತ್ತು ವರ್ಷಗಳ ನಂತರ ಪೂವಮ್ಮ ಅವರ ವಿಷಯದಲ್ಲಿಯೂ ಇದೇ ಕ್ರಮ ಮರುಕಳಿಸಿತು. 2014ರ ಇಂಚಾನ್ ಮತ್ತು 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟಗಳಲ್ಲಿ ರಿಲೇ ಚಿನ್ನ ಗೆದ್ದ, 2015ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಈ ಓಟಗಾರ್ತಿಯ ಮಾದರಿಯನ್ನು 2021ರ ಫೆಬ್ರವರಿಯಲ್ಲಿ ಪಟಿಯಾಲದಲ್ಲಿ ಪಡೆಯಲಾಗಿತ್ತು. ಅದರಲ್ಲಿ ಮಿಥೈಲ್‌ಹೆಕ್ಸೇನ್‌ಅಮೈನ್ ಎಂಬ ಉತ್ತೇಜಕ ಪತ್ತೆಯಾಯಿತು. ಒಂದು ಕಾಲದಲ್ಲಿ ಮೂಗು ಕಟ್ಟುವುದಕ್ಕೆ ಔಷಧವಾಗಿದ್ದ ಈ ವಸ್ತು, ನಂತರ ತೂಕ ಇಳಿಸುವ ಹಾಗೂ ಚೈತನ್ಯ ನೀಡುವ ಪೂರಕ ಆಹಾರಗಳಲ್ಲಿ ಸೇರಿಕೊಂಡಿತು.

2022ರ ಜೂನ್‌ನಲ್ಲಿ ಶಿಸ್ತು ಸಮಿತಿ ಅವರಿಗೆ ವಿಧಿಸಿದ್ದು ಮೂರು ತಿಂಗಳ ಶಿಕ್ಷೆ. ಇದನ್ನು ಸ್ವತಃ ನಾಡಾ ಪ್ರಶ್ನಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ಸಮಿತಿ ಮೂರು ತಿಂಗಳನ್ನು ಎರಡು ವರ್ಷವಾಗಿಸಿತು.

ಇಲ್ಲಿ ಗಮನಿಸಬೇಕಾದುದು ಶಿಕ್ಷೆಯ ಉದ್ದವನ್ನಷ್ಟೇ ಅಲ್ಲ. ಮಾದರಿ ಪಡೆದ ದಿನದಿಂದ ಅಂತಿಮ ಆದೇಶದವರೆಗೆ ಪೂವಮ್ಮ ಅವರ ಪ್ರಕರಣದಲ್ಲಿ ಸುಮಾರು 19 ತಿಂಗಳು ಹಿಡಿಯಿತು. ಅಶ್ವಿನಿ ಅವರ ಪ್ರಕರಣದಲ್ಲಿ ಸುಮಾರು ಒಂದು ವರ್ಷ. ಎರಡರಲ್ಲಿಯೂ ಮೊದಲ ಆದೇಶ ಕೊನೆಯ ಆದೇಶವಾಗಲಿಲ್ಲ. ಓಟಗಾರರ ತರಬೇತಿ ದಿನಾಂಕದ ಮೇಲೆ ನಿಂತಿರುತ್ತದೆ. ಯಾವ ತಿಂಗಳು ಭಾರ ಎತ್ತಬೇಕು, ಯಾವ ತಿಂಗಳು ವೇಗಕ್ಕೆ ಒತ್ತು ಕೊಡಬೇಕು ಎಂಬುದೆಲ್ಲ ಮುಂದಿನ ಸ್ಪರ್ಧೆಯ ದಿನವನ್ನು ಅವಲಂಬಿಸಿರುತ್ತದೆ. ಆ ದಿನವೇ ಗೊತ್ತಿಲ್ಲದಿದ್ದಲ್ಲಿ ನಿಷೇಧದ ಅವಧಿ ಕಾಗದದ ಮೇಲೆ ಇದ್ದುದಕ್ಕಿಂತ ಹೆಚ್ಚು ಉದ್ದವಾಗುತ್ತದೆ.

ಮರಳಿದವರು, ಮರಳದವರು

ಹಾಗಾದರೆ ಮರಳುವುದು ಅಸಾಧ್ಯವೇ? ದಾಖಲೆಗಳು ಹಾಗೆ ಹೇಳುವುದಿಲ್ಲ. 2011ರಲ್ಲಿ ಸಿಕ್ಕಿಬಿದ್ದ ಆರು ಮಂದಿಯಲ್ಲಿ ಮನ್‌ದೀಪ್ ಕೌರ್ ಮತ್ತು ಪ್ರಿಯಾಂಕಾ ಪನ್ವಾರ್ 2014ರಲ್ಲಿ ಇಂಚಾನ್‌ನಲ್ಲಿ ಮತ್ತೆ ಓಡಿದರು. ಟಿಂಟು ಲೂಕಾ ಹಾಗೂ ಪೂವಮ್ಮ ಅವರೊಡನೆ 3 ನಿಮಿಷ 28.68 ಸೆಕೆಂಡುಗಳಲ್ಲಿ ರಿಲೇ ಮುಗಿಸಿ, ಕೂಟ ದಾಖಲೆಯೊಂದಿಗೆ ಚಿನ್ನ ಗೆದ್ದರು. ಅದೇ ಕೂಟದಲ್ಲಿ ಹರ್ಡಲ್ಸ್ ಓಡಿದ ಅಶ್ವಿನಿ ಅವರಿಗೆ ಪದಕ ಕೈಗೂಡಲಿಲ್ಲ. ನಾಲ್ಕು ವರ್ಷ ಹಿಂದೆ ಏಷ್ಯಾದ ಅಗ್ರಸ್ಥಾನಿಯಾಗಿದ್ದವರಿಗೆ ಆ ಸ್ಥಾನ ಮತ್ತೆ ಸಿಗಲಿಲ್ಲ.

ಪೂವಮ್ಮ ಅವರ ದಾರಿ ಬೇರೆ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ತಂಡದಲ್ಲಿ ಅವರು ಇರಲಿಲ್ಲ. 2002ರಿಂದ ಸತತ ಐದು ಬಾರಿ ಚಿನ್ನ ಗೆದ್ದಿದ್ದ ಭಾರತದ ವನಿತಾ ರಿಲೇ ತಂಡ ಆ ಬಾರಿ ಬೆಳ್ಳಿಗೆ ತೃಪ್ತಿಪಟ್ಟಿತು. ಆದರೆ 2024ರ ಮೇ ತಿಂಗಳಲ್ಲಿ ಬಹಾಮಾಸ್‌ನಲ್ಲಿ ನಡೆದ ವಿಶ್ವ ರಿಲೇಯಲ್ಲಿ ರೂಪಲ್ ಚೌಧರಿ, ಜ್ಯೋತಿಕಾ ಶ್ರೀ ದಂಡಿ, ಶುಭಾ ವೆಂಕಟೇಶನ್ ಅವರೊಡನೆ ಓಡಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅರ್ಹತೆ ದೊರಕಿಸಿಕೊಟ್ಟವರಲ್ಲಿ ಅವರೂ ಒಬ್ಬರು. ಆಗಸ್ಟ್‌ನಲ್ಲಿ ಪ್ಯಾರಿಸ್‌ನ ಕಣದಲ್ಲಿ ಓಡಿದಾಗ ಅವರಿಗೆ 34 ವರ್ಷ. ತಂಡ ಫೈನಲ್ ತಲುಪಲಿಲ್ಲವಾದರೂ ನಿಷೇಧದ ಬಳಿಕ, ಆ ವಯಸ್ಸಿನಲ್ಲಿ ಒಲಿಂಪಿಕ್ಸ್ ತಲುಪಿದ್ದು ಸಣ್ಣ ಸಂಗತಿಯಲ್ಲ.

25ನೇ ವಯಸ್ಸಿನಲ್ಲಿ ನಿಷೇಧ ಮುಗಿಸಿದವರು ಹಳೆಯ ಎತ್ತರಕ್ಕೆ ಏರಲಿಲ್ಲ. 33 ದಾಟಿದವರು ಒಲಿಂಪಿಕ್ಸ್ ತಲುಪಿದರು. ಆದ್ದರಿಂದ ವಯಸ್ಸೊಂದೇ ನಿರ್ಣಾಯಕವಲ್ಲ. ಸ್ಪರ್ಧೆಯ ಸ್ವರೂಪಕ್ಕೂ ಪಾಲಿದೆ. ಹರ್ಡಲ್ಸ್‌ನಂತಹ ವೈಯಕ್ತಿಕ ಸ್ಪರ್ಧೆಯಲ್ಲಿ ಓಟಗಾರ್ತಿ ಒಂಟಿ. ಲಯ ತಪ್ಪಿದರೆ ಮುಚ್ಚಲು ಯಾರೂ ಇಲ್ಲ. ರಿಲೇಯಲ್ಲಿ ದೇಶದ ಮೊದಲ ಐದಾರು ಮಂದಿಯಲ್ಲಿ ಸ್ಥಾನ ಪಡೆದರೂ ಅವಕಾಶದ ಬಾಗಿಲು ತೆರೆದೇ ಇರುತ್ತದೆ. ಜೊತೆಗೆ, ಕಾದು ನಿಲ್ಲುವ ಉದ್ಯೋಗದಾತ ಸಂಸ್ಥೆ, ಕೈಬಿಡದ ತರಬೇತುದಾರ, ಅಭ್ಯಾಸಕ್ಕೊಂದು ಅಂಕಣ ಇವು ಮೂರೂ ಇಲ್ಲದೆ ಯಾರೂ ಮರಳಲಾರರು.

ಹೊರ ಜಗತ್ತಿನಲ್ಲಿಯೂ ಇದಕ್ಕೆ ಉದಾಹರಣೆ ಇದೆ. ಬೀಜಿಂಗ್ ಒಲಿಂಪಿಕ್ಸ್‌ನ 400 ಮೀಟರ್ ಚಾಂಪಿಯನ್, ಅಮೆರಿಕದ ಲಶಾನ್ ಮೆರಿಟ್ 21 ತಿಂಗಳ ನಿಷೇಧ ಅನುಭವಿಸಿದವರು. ದೀರ್ಘ ನಿಷೇಧಕ್ಕೊಳಗಾದವರಿಗೆ ಮುಂದಿನ ಒಲಿಂಪಿಕ್ಸ್ ಕೂಡ ಇಲ್ಲ ಎಂಬ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ನಿಯಮವನ್ನು 2011ರ ಅಕ್ಟೋಬರ್‌ನಲ್ಲಿ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ ರದ್ದುಪಡಿಸಿದ್ದು ಅವರ ಪ್ರಕರಣದ ಫಲವೇ. ಮೆರಿಟ್ 2013ರಲ್ಲಿ ಮಾಸ್ಕೋದಲ್ಲಿ ವಿಶ್ವ ಚಾಂಪಿಯನ್ ಆದರು. ಶಿಕ್ಷೆ ಮುಗಿದವರಿಗೆ ಎರಡನೆಯ ಶಿಕ್ಷೆ ಸಲ್ಲದು ಎಂಬ ತತ್ವ ಅಲ್ಲಿಗೆ ಸ್ಥಾಪಿತವಾಯಿತು. ಆದರೆ ತತ್ವ ಬೇರೆ, ಶಿಬಿರದ ಬಾಗಿಲು ಬೇರೆ.

ಅಂಕಣದಿಂದಲೇ ದೂರ

ನಿಷೇಧವೆಂದರೆ ಸ್ಪರ್ಧೆಯಿಂದ ಹೊರಗಿರುವುದು ಎಂದಷ್ಟೇ ಹಲವರ ಗ್ರಹಿಕೆ. ನಿಯಮ ಅದಕ್ಕಿಂತ ಕಠಿಣವಾಗಿದೆ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ (ವಾಡಾ) ಸಂಹಿತೆಯಂತೆ, ನಿಷೇಧಿತರು ರಾಷ್ಟ್ರೀಯ ಶಿಬಿರದಲ್ಲಿ ಅಥವಾ ಮಾನ್ಯತೆ ಪಡೆದ ಕ್ಲಬ್ಬಿನಲ್ಲಿ ತಂಡದೊಡನೆ ಅಭ್ಯಾಸ ಮಾಡುವಂತಿಲ್ಲ. ನಿಷೇಧದ ಕೊನೆಯ ಎರಡು ತಿಂಗಳು ಅಥವಾ ಕೊನೆಯ ಕಾಲು ಭಾಗ, ಯಾವುದು ಕಡಿಮೆಯೋ ಅಷ್ಟು ಅವಧಿಗೆ ಮಾತ್ರ ಮರಳಿ ಅಭ್ಯಾಸಕ್ಕೆ ಅವಕಾಶ. ಕ್ರೀಡೆಯ ಹೆಸರಿನಲ್ಲಿ ಬರುವ ಆರ್ಥಿಕ ನೆರವೂ ನಿಲ್ಲುತ್ತದೆ. ಆದರೆ ಪರೀಕ್ಷೆಗೆ ಲಭ್ಯವಿರಬೇಕಾದ ಕರ್ತವ್ಯ ಮಾತ್ರ ನಿಲ್ಲುವುದಿಲ್ಲ.

ಸ್ವಂತ ಖರ್ಚಿನಲ್ಲಿ ಸಿಂಥೆಟಿಕ್ ಟ್ರ್ಯಾಕ್, ಆಹಾರ, ವೈದ್ಯರ ಶುಲ್ಕ ಭರಿಸಬಲ್ಲವರಿಗೆ ಇದು ಸಹಿಸಬಹುದಾದ ಶಿಕ್ಷೆ. ಎರಡು ಎಕರೆ ಅಡಿಕೆ ಅಥವಾ ಕಾಫಿ ನೆಚ್ಚಿಕೊಂಡ ಮನೆಯ ಮಗಳಿಗೆ ಅದೇ ಎರಡು ವರ್ಷ ಕ್ರೀಡಾಜೀವನದ ಅಂತ್ಯವಾಗಬಹುದು. ಆದೇಶದಲ್ಲಿ ಶಿಕ್ಷೆ ಸಮಾನ, ಅನುಭವದಲ್ಲಿ ಅಲ್ಲ.

ಕ್ರಿಕೆಟಿಗರ ದಾರಿಯೇ ಬೇರೆ

ಹೋಲಿಕೆಗಾಗಿ ಮಂಗಳೂರಿನಲ್ಲೇ ಬೆಳೆದ ಇನ್ನೊಬ್ಬ ಕ್ರೀಡಾಪಟುವನ್ನು ನೋಡಬಹುದು. 2019ರ ಜನವರಿಯಲ್ಲಿ ಕಿರುತೆರೆಯ ‘ಕಾಫಿ ವಿತ್ ಕರಣ್’ ಕಾರ್ಯಕ್ರಮದಲ್ಲಿ ನಡೆದ ಮಾತುಕತೆಯ ಹಿನ್ನೆಲೆಯಲ್ಲಿ ಕೆ.ಎಲ್. ರಾಹುಲ್ ಹಾಗೂ ಹಾರ್ದಿಕ್ ಪಾಂಡ್ಯ ಅವರನ್ನು ಕ್ರಿಕೆಟ್ ಮಂಡಳಿ ಅಮಾನತುಗೊಳಿಸಿ ಆಸ್ಟ್ರೇಲಿಯಾ ಪ್ರವಾಸದಿಂದ ವಾಪಸ್ ಕರೆಸಿತು. ಎರಡು ವಾರಗಳೊಳಗೆ ಅಮಾನತು ತೆರವಾಯಿತು. ರಾಹುಲ್ ಭಾರತ ‘ಎ’ ತಂಡಕ್ಕೆ ಆಡಿದರು. ಏಪ್ರಿಲ್‌ನಲ್ಲಿ ಒಂಬುಡ್ಸ್‌ಮನ್ ಇಬ್ಬರಿಗೂ ತಲಾ 20 ಲಕ್ಷ ರೂಪಾಯಿ ದಂಡ ವಿಧಿಸಿದರು. ಅದೇ ವರ್ಷದ ಐಪಿಎಲ್‌ನಲ್ಲಿ ರಾಹುಲ್ 593 ರನ್ ಗಳಿಸಿದರು. ವಿಶ್ವಕಪ್‌ನಲ್ಲಿ ಶ್ರೀಲಂಕಾ ವಿರುದ್ಧ ಶತಕ ಬಾರಿಸಿದರು.

ಉದ್ದೀಪನ ಮದ್ದು ಮತ್ತು ನಾಲಿಗೆಯ ತಪ್ಪು ಒಂದೇ ತೂಕದವಲ್ಲ, ನಿಜ. ಆದರೆ ಹೋಲಿಕೆ ಇರುವುದು ಅಪರಾಧದಲ್ಲಲ್ಲ, ಮರಳುವ ವ್ಯವಸ್ಥೆಯಲ್ಲಿ. 2018ರ ಹರಾಜಿನಲ್ಲಿ 11 ಕೋಟಿ ರೂಪಾಯಿ ನೀಡಿ ಖರೀದಿಸಿದ ಫ್ರಾಂಚೈಸಿಯೊಂದು ರಾಹುಲ್ ಅವರಿಗಾಗಿ ಕಾದಿತ್ತು. ‘ಎ’ ತಂಡದಂತಹ ನಡುವಣ ಮೆಟ್ಟಿಲಿತ್ತು. ವೃತ್ತಿಪರ ಕ್ರೀಡೆಯ ಮಾರುಕಟ್ಟೆ ಪ್ರತಿಭೆಯನ್ನು ಸುಲಭವಾಗಿ ಕೈಬಿಡುವುದಿಲ್ಲ. ಅಥ್ಲೆಟಿಕ್ಸ್‌ನಲ್ಲಿ ಅಂತಹ ಮಾರುಕಟ್ಟೆಯೇ ಇಲ್ಲ. ಅಲ್ಲಿ ನೌಕರಿ ಮತ್ತು ಶಿಬಿರವೇ ಎಲ್ಲ.

ಸಡಿಲಿಕೆ ಪರಿಹಾರವಲ್ಲ

ಹಾಗೆಂದು ಶಿಕ್ಷೆ ಸಡಿಲಗೊಳಿಸಬೇಕೆಂಬ ವಾದ ನಿಲ್ಲುವಂತಹದಲ್ಲ. ವಾಡಾ ಅಂಕಿಅಂಶದಂತೆ 2023ರಲ್ಲಿ ಭಾರತದಲ್ಲಿ ಪರೀಕ್ಷಿಸಿದ 5,606 ಮಾದರಿಗಳಲ್ಲಿ 213ರಲ್ಲಿ ನಿಷೇಧಿತ ವಸ್ತು ಪತ್ತೆಯಾಯಿತು. ಐದು ಸಾವಿರಕ್ಕಿಂತ ಹೆಚ್ಚು ಮಾದರಿ ಪರೀಕ್ಷಿಸಿದ ದೇಶಗಳ ಪೈಕಿ ಇದು ಅತ್ಯಧಿಕ ಪ್ರಮಾಣ. 2011ರ ಆರು ಮಂದಿಯಲ್ಲೇ ಒಬ್ಬರಾದ ಪ್ರಿಯಾಂಕಾ ಪನ್ವಾರ್ 2016ರಲ್ಲಿ ಎರಡನೆಯ ಬಾರಿ ಸಿಕ್ಕಿಬಿದ್ದು ಎಂಟು ವರ್ಷಗಳ ನಿಷೇಧಕ್ಕೊಳಗಾದರು. ಎರಡನೆಯ ಅವಕಾಶವೂ ವ್ಯರ್ಥವಾಗಬಹುದು ಎಂಬುದಕ್ಕೆ ಇದು ಸಾಕ್ಷಿ.

ಅಡ್ಡದಾರಿ ಹಿಡಿಯದೆ ಓಡಿದವರ ಹಕ್ಕೂ ಇಲ್ಲಿದೆ. ಜಕಾರ್ತದ ಮಿಶ್ರ ರಿಲೇಯಲ್ಲಿ ಪೂವಮ್ಮ ಅವರಿದ್ದ ಭಾರತ ತಂಡ ಗೆದ್ದಿದ್ದು ಬೆಳ್ಳಿ. ಬಹರೇನ್ ತಂಡದ ಓಟಗಾರ್ತಿಯೊಬ್ಬರು ಉದ್ದೀಪನ ಪ್ರಕರಣದಲ್ಲಿ ನಿಷೇಧಕ್ಕೊಳಗಾದ ಕಾರಣ 2020ರಲ್ಲಿ ಅದು ಚಿನ್ನವಾಯಿತು. ಯಾವ ನಿಯಮ ಅವರಿಗೆ ಚಿನ್ನ ತಂದಿತೋ ಅದೇ ನಿಯಮ ಮರುವರ್ಷ ಅವರ ಕೈಯನ್ನೂ ಹಿಡಿಯಿತು. ಈ ನಿಯಮ ಬೇಕು ಎನ್ನುವುದಾದರೆ ಎರಡೂ ಕಡೆ ಬೇಕು.

ಕೊರತೆ ಇರುವುದು ಶಿಕ್ಷೆಯ ಸುತ್ತಲಿನ ವ್ಯವಸ್ಥೆಯಲ್ಲಿ. 2011ರಲ್ಲಿ ವಜಾಗೊಂಡ ವಿದೇಶಿ ತರಬೇತುದಾರ ಕೆಲ ವರ್ಷಗಳಲ್ಲಿ ಭಾರತದ ಶಿಬಿರಕ್ಕೆ ಮರಳಿದರು. ತಾವು ನಂಬಿದವರಿಂದ ಪೂರಕ ಆಹಾರ ಪಡೆದೆವು ಎಂದ ಓಟಗಾರ್ತಿಯರು ಮಾತ್ರ ಎರಡು ವರ್ಷ ಕಳೆದುಕೊಂಡರು. ಒಬ್ಬರಿಗಿಂತ ಹೆಚ್ಚು ಶಿಷ್ಯರು ಸಿಕ್ಕಿಬಿದ್ದಲ್ಲಿ ತರಬೇತುದಾರ ಹಾಗೂ ಸಿಬ್ಬಂದಿಯ ಬಗ್ಗೆ ತಾನಾಗಿಯೇ ತನಿಖೆ ನಡೆಯಬೇಕೆಂಬ ನಿಯಮ ವಾಡಾ ಸಂಹಿತೆಗೆ ಸೇರಿದ್ದು 2015ರಲ್ಲಿ. ಭಾರತದಲ್ಲಿ ನಾಡಾಗೆ ಶಾಸನಬದ್ಧ ಅಧಿಕಾರ ನೀಡಿದ ಕಾಯ್ದೆ ಬಂದದ್ದು 2022ರಲ್ಲಿ. ಈ ಅಧಿಕಾರ ಪುಡಿಯ ಡಬ್ಬಿ ತೆರೆದು ಕೊಟ್ಟವರ ತನಕ ತಲುಪಿದಾಗ ಮಾತ್ರ ಕಾಯ್ದೆಗೆ ಅರ್ಥ ಬರುತ್ತದೆ.

ಜಿಲ್ಲಾ ಮಟ್ಟದಲ್ಲಿ ಮಾಡಬಹುದಾದ ಕೆಲಸವೂ ಇದೆ. ಔಷಧದಲ್ಲಿ ನಿಷೇಧಿತ ವಸ್ತು ಇದೆಯೇ ಎಂದು ತಿಳಿಯಲು ನಾಡಾ ‘ನೋ ಯುವರ್ ಮೆಡಿಸಿನ್’ ಎಂಬ ಮೊಬೈಲ್ ಆ್ಯಪ್ ರೂಪಿಸಿದೆ. ಅದನ್ನು ಬಳಸುವ ಬಗೆಯನ್ನು ದೈಹಿಕ ಶಿಕ್ಷಣ ಶಿಕ್ಷಕರಿಗೂ ಕ್ರೀಡಾ ವಸತಿ ನಿಲಯಗಳ ಮೇಲ್ವಿಚಾರಕರಿಗೂ ಕಲಿಸುವುದು ದೊಡ್ಡ ವೆಚ್ಚದ ಮಾತಲ್ಲ. ಹಾಗೆಯೇ ಶಿಸ್ತು ಸಮಿತಿಯ ವಿಚಾರಣೆಗೆ ಕಾಲಮಿತಿ, ನಿಷೇಧ ಮುಗಿಸಿದವರಿಗೆ ಆಯ್ಕೆ ಟ್ರಯಲ್ಸ್‌ನಲ್ಲಿ ಮುಕ್ತ ಅವಕಾಶ ಖಚಿತವಾದಲ್ಲಿ, ಎರಡು ವರ್ಷ ನಿಜಕ್ಕೂ ಎರಡೇ ವರ್ಷವಾಗಿ ಉಳಿದೀತು.

ಪೂವಮ್ಮ ಪ್ಯಾರಿಸ್ ತಲುಪಿದ್ದು ಮರಳುವಿಕೆ ಸಾಧ್ಯವೆಂದು ತೋರಿಸಿದೆ. ಅಶ್ವಿನಿ ಅವರ ಹರ್ಡಲ್ಸ್ ಚಿನ್ನ ಮರುಕಳಿಸದೇ ಹೋದದ್ದು ಅದರ ಬೆಲೆ ಎಷ್ಟೆಂದು ತೋರಿಸಿದೆ. ಮಲೆನಾಡಿನ ಯಾವುದೋ ಶಾಲೆಯ ಮೈದಾನದಿಂದ ಈ ವರ್ಷ ಘಾಟಿ ಇಳಿಯುವ ಹುಡುಗಿಗೆ ಈ ಎರಡೂ ಕಥೆಗಳನ್ನು ಹೇಳಿ ಕಳುಹಿಸುವುದು ಆಕೆಯ ಪೋಷಕರ, ಶಿಕ್ಷಕರ ಹೊಣೆ. ಮೊದಲ ಡಬ್ಬಿ ಕೈಗೆ ಬರುವ ಮುನ್ನವೇ ಆ ಮಾತು ಆಕೆಯ ಕಿವಿಗೆ ಬಿದ್ದಿರಬೇಕು.