ತೃಪ್ತಿಯ ಕಾಗದಕ್ಕೆ ಯಾರ ಹೆಬ್ಬೆಟ್ಟು?



ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಪಟ್ಟ ಸಿಕ್ಕಿತು. ಗುಳ್ಳದ ಗದ್ದೆಯಲ್ಲಿ ಬೆನ್ನು ಬಗ್ಗಿಸಿದ ನಮ್ಮ ಕಾಲನಿಯ ಅಜ್ಜಿಗೆ ಸಿಕ್ಕಿದ್ದು ಎದೆನೋವು. ರಾತ್ರೋರಾತ್ರಿ ರಿಕ್ಷಾದಲ್ಲಿ ಹಾಕಿಕೊಂಡು ಒಂದು ದೊಡ್ಡಾಸ್ಪತ್ರೆಯ ಕ್ಯಾಶುವಾಲ್ಟಿಗೆ ಓಡಿದೆವು. ಹೆಸರು ಬೇಡ.

ವಾಚ್‌ಮನ್ ನಮ್ಮನ್ನು ಬಾಗಿಲಾಚೆ ನಿಲ್ಲಿಸಿದ. ಒಳಗೆ ಅಜ್ಜಿ "ತಿಗಲೆ ಬೇನೆ, ತಿಗಲೆ ಬೇನೆ" ಅಂತಿದ್ದಳು. ಹೌಸ್ ಸರ್ಜನ್ ಹುಡುಗನಿಗೆ ತುಳು ಬಾರದು, ಕನ್ನಡವೂ ಅಷ್ಟಕ್ಕಷ್ಟೆ. ಹೊಟ್ಟೆ ಒತ್ತುತ್ತಲೇ ಇದ್ದ. ಕೊನೆಗೆ ನೆಲ ಒರೆಸುತ್ತಿದ್ದ ಅಕ್ಕ ಪೊರಕೆ ಬದಿಗಿಟ್ಟು, ತನ್ನ ಎದೆ ಮುಟ್ಟಿ ತೋರಿಸಿದಳು. ಆಮೇಲೆ ಓಡಿಬಂತು ಇಸಿಜಿ ಯಂತ್ರ.

ಮನೆಗೆ ಕಳಿಸುವ ದಿನ ಒಂದು ಕಾಗದ ಕೊಟ್ಟರು. ಡಾಕ್ಟರ ಸೇವೆ ತೃಪ್ತಿಕರವೇ? ಒಂದರಿಂದ ಐದು. ಅಜ್ಜಿ ಹೇಳಿದಳು: "ಐದೇ ಬರಿ ಮಗಾ. ಪಾಪ, ಆ ಹುಡುಗ ಮುಟ್ಟಿ ನೋಡಿದ."

ಮುಟ್ಟಿ ನೋಡಿದ! ಇಷ್ಟಕ್ಕೇ ಐದು ಮಾರ್ಕು. 1929ರಲ್ಲಿ ಪ್ರಕಟವಾದ ಪತ್ರವೊಂದನ್ನು ಬಾಬಾಸಾಹೇಬರು ತಮ್ಮ ನೆನಪುಗಳಲ್ಲಿ ಎತ್ತಿ ಹೇಳಿದ್ದಾರೆ. ಕಾಠಿಯಾವಾಡದ ಅಸ್ಪೃಶ್ಯ ಮೇಷ್ಟರ ಬಾಣಂತಿ ಹೆಂಡತಿಗೆ ಕಾಯಿಲೆ. ಡಾಕ್ಟರು ಮುಟ್ಟಲಿಲ್ಲ. ಥರ್ಮಾಮೀಟರನ್ನು ಒಬ್ಬ ಮುಸಲ್ಮಾನರ ಕೈಗೆ ಕೊಟ್ಟ, ಅವರು ಗಂಡನ ಕೈಗೆ, ಗಂಡ ಅವಳಿಗೆ. ಆ ತಾಯಿ ಸತ್ತಳು. ಇಂಥ ನೆನಪು ಮೈಯಲ್ಲಿರುವ ಜನರನ್ನು ತೃಪ್ತಿಯೇ ಎಂದು ಕೇಳುವುದೆಂದರೆ, ಹಸಿದವನನ್ನು ಗಂಜಿಗೆ ಉಪ್ಪು ಸರಿಯುಂಟಾ ಎಂದು ಕೇಳಿದ ಹಾಗೆ. ಅದೂ ಕೇಳುವವರು ಯಾರು? ನಾಳೆ ಮತ್ತೆ ಅದೇ ಬಾಗಿಲಿಗೆ ಬರಬೇಕಾದವಳನ್ನು, ಆ ಬಾಗಿಲ ಯಜಮಾನರೇ ಕೇಳುತ್ತಾರೆ.

ಆ ಹುಡುಗನ ಮೇಲೆ ನಮಗೆ ಸಿಟ್ಟಿಲ್ಲ. ನಿದ್ದೆಗೆಟ್ಟ ಕಣ್ಣು ಅವನದು. ವರ್ಷದ ಇಂಟರ್ನ್‌ಶಿಪ್ಪಿನಲ್ಲಿ ಎಮರ್ಜೆನ್ಸಿಗೆಂದು ನಿಯಮ ಕೊಡುವುದು ಎರಡೇ ವಾರ. ಆ ಎರಡು ವಾರದ ಪಾಠಕ್ಕೆ ಪುಸ್ತಕ ಯಾರ ಮೈ? ದುಡ್ಡಿದ್ದವರು ಫೋನು ಮಾಡಿ ದೊಡ್ಡ ಡಾಕ್ಟ್ರನ್ನೇ ಎಬ್ಬಿಸುತ್ತಾರೆ. ಕಲಿಯುವವರು ಕಲಿಯಲಿ, ನಾವು ಬೇಡವೆನ್ನುವುದಿಲ್ಲ. ಪಕ್ಕದಲ್ಲಿ ಕಲಿತವರೊಬ್ಬರು ನಿಂತಿರಲಿ. ಆ ಬಿಳಿಕೋಟಿನೊಳಗೆ ನಮ್ಮ ಹಾಸ್ಟೆಲ್ಲಿನ ಮಕ್ಕಳೂ ಇದ್ದಾರೆ, 'ಕೋಟಾ ಡಾಕ್ಟ್ರು' ಎಂಬ ಮಾತು ನುಂಗಿಕೊಂಡು. 2019ರಲ್ಲಿ ಮುಂಬಯಿಯಲ್ಲಿ ಆದಿವಾಸಿ ವೈದ್ಯೆ ಪಾಯಲ್ ತಡ್ವಿ ಜೀವ ಕಳಕೊಂಡಳು; ಹಿರಿಯ ಸಹಪಾಠಿಗಳ ಮೇಲೆ ಜಾತಿ ಕಿರುಕುಳದ ಮೊಕದ್ದಮೆಯಾಯಿತು. ಅವಳ ತೃಪ್ತಿಯನ್ನು ಯಾವ ಕಾಗದ ಕೇಳಿತ್ತು?

ತುರ್ತು ಚಿಕಿತ್ಸೆ ಯಾರ ದಯೆಯೂ ಅಲ್ಲ. ಸರ್ಕಾರಿಯಿರಲಿ ಖಾಸಗಿಯಿರಲಿ, ಜೀವ ಉಳಿಸುವುದು ಪ್ರತಿ ಡಾಕ್ಟರ ಹೊಣೆಯೆಂದು ಸುಪ್ರೀಂ ಕೋರ್ಟು 1989ರಲ್ಲೇ, ಪರಮಾನಂದ ಕಟಾರ ಮೊಕದ್ದಮೆಯಲ್ಲಿ ಹೇಳಿದೆ. ಹೀಗಾಗಿ ನಾವು ಕೇಳುತ್ತೇವೆ: ರಾತ್ರಿಪಾಳಿಗೂ ಹಿರಿಯ ಡಾಕ್ಟ್ರು ಬೇಕು. ನಮ್ಮೂರಲ್ಲಿ ಕಲಿಯುವವರು ನೋವಿನ ನಾಲ್ಕು ತುಳು ಮಾತು ಕಲಿಯಬೇಕು. ತೃಪ್ತಿಯ ಪ್ರಶ್ನೆಯನ್ನು ಆಸ್ಪತ್ರೆಯ ಸಂಬಳ ತಿನ್ನದವರು, ರೋಗಿಯ ಮನೆಯಂಗಳದಲ್ಲಿ ಕೂತು ಕೇಳಬೇಕು.

ಅಲ್ಲಿಯವರೆಗೆ ತುಳು ಬಲ್ಲ ಹಾಸ್ಟೆಲ್ ಹುಡುಗರು ಪಾಳಿ ಹಾಕಿಕೊಂಡು ಕ್ಯಾಶುವಾಲ್ಟಿ ಬಾಗಿಲಲ್ಲಿ ಕೂರೋಣ. ಹೆಸರು ಕೊಡುವವರು ಮುಂದಿನ ಸಭೆಗೆ ಬನ್ನಿ.

ಅಜ್ಜಿಯ ಕಾಗದದಲ್ಲಿ ಪೊರಕೆಯ ಅಕ್ಕನಿಗೆ ಒಂದು ಕಲಮೂ ಇರಲಿಲ್ಲ. ಅಂಚಿನಲ್ಲಿ ನಾವೇ ಬರೆದೆವು: ನೋವು ಎಲ್ಲೆಂದು ಹೇಳಿದ್ದು ನೆಲ ಒರೆಸುವವಳು. ಅಜ್ಜಿ ಅದರ ಕೆಳಗೆ ಹೆಬ್ಬೆಟ್ಟು ಒತ್ತಿದಳು.