ಹಣ ಸರ್ಕಾರದ್ದು, ಪ್ರಶ್ನೆ ಯಾರದು?

ರಾಷ್ಟ್ರೀಯ ಶಿಕ್ಷಣ ನೀತಿ 2020 ಅನ್ನು ಬಿ.ಇಡಿ. ತರಗತಿಯಲ್ಲಿ ಪಾಠ ಮಾಡುವಾಗ ನಾವು ಸಾಮಾನ್ಯವಾಗಿ 5+3+3+4 ರಚನೆ, ಬುನಾದಿ ಸಾಕ್ಷರತೆ, ಮಾತೃಭಾಷಾ ಮಾಧ್ಯಮ ಇಷ್ಟರಲ್ಲೇ ನಿಂತುಬಿಡುತ್ತೇವೆ. ಪರೀಕ್ಷೆಯಲ್ಲಿ ಕೇಳುವುದೂ ಅಷ್ಟನ್ನೇ. ಹದಿನೇಳನೆಯ ಅಧ್ಯಾಯದವರೆಗೆ ಹೋಗುವವರು ಕಡಿಮೆ. ದೇಶದ ಸಂಶೋಧನೆಗೆ ಒಂದು ರಾಷ್ಟ್ರೀಯ ಪ್ರತಿಷ್ಠಾನ ಬೇಕು ಎನ್ನುವ ಅಧ್ಯಾಯ ಅದು. ಭಾರತ ಸಂಶೋಧನೆಗೆ ಖರ್ಚು ಮಾಡುತ್ತಿರುವುದು ಒಟ್ಟು ದೇಶೀಯ ಉತ್ಪನ್ನದ ಶೇ. 0.69 ಮಾತ್ರ, ಅಮೆರಿಕದಲ್ಲಿ ಅದು ಶೇ. 2.8, ದಕ್ಷಿಣ ಕೊರಿಯಾದಲ್ಲಿ ಶೇ. 4.2 ಎಂಬ ಲೆಕ್ಕವೂ ಅಲ್ಲಿದೆ.

ಆ ಅಧ್ಯಾಯದ ಎರಡು ಮಾತುಗಳನ್ನು ಪ್ರಶಿಕ್ಷಣಾರ್ಥಿಗಳು ಗುರುತು ಹಾಕಿಕೊಳ್ಳಬೇಕು. ಪ್ರತಿಷ್ಠಾನವು ಎಲ್ಲ ಜ್ಞಾನಶಾಖೆಗಳ ಸಂಶೋಧನೆಗೂ ಹಣ ಕೊಡಬೇಕು ಎಂಬುದು ಒಂದು. ಅದರ ಆಡಳಿತ ಸರ್ಕಾರದಿಂದ ಸ್ವತಂತ್ರವಾಗಿರಬೇಕು, ಮಂಡಳಿಯಲ್ಲಿ ಶ್ರೇಷ್ಠ ಸಂಶೋಧಕರು ಸರದಿಯಂತೆ ಕೂರಬೇಕು ಎಂಬುದು ಇನ್ನೊಂದು. ಈಗ 2023ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಕಾಯ್ದೆಯನ್ನು ಪಕ್ಕದಲ್ಲಿಟ್ಟು ಓದಿ. ಆಡಳಿತ ಮಂಡಳಿಯ ಅಧ್ಯಕ್ಷರು ಪದನಿಮಿತ್ತ ಪ್ರಧಾನಮಂತ್ರಿಗಳು. ಉಪಾಧ್ಯಕ್ಷರು ವಿಜ್ಞಾನ-ತಂತ್ರಜ್ಞಾನ ಹಾಗೂ ಶಿಕ್ಷಣ ಖಾತೆಗಳ ಕೇಂದ್ರ ಸಚಿವರು. ಕಾರ್ಯಕಾರಿ ಮಂಡಳಿಯನ್ನು ನಡೆಸುವವರು ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರು. ವ್ಯಾಪ್ತಿಯೂ ಕಿರಿದಾಗಿದೆ. ವಿಜ್ಞಾನ, ಗಣಿತ, ಎಂಜಿನಿಯರಿಂಗ್, ಪರಿಸರ, ಆರೋಗ್ಯ, ಕೃಷಿ ಇವೆಲ್ಲ ಇವೆ. ಮಾನವಿಕ ಮತ್ತು ಸಮಾಜ ವಿಜ್ಞಾನಗಳಿಗೆ ಬಂದರೆ, ಅವು ವಿಜ್ಞಾನ-ತಂತ್ರಜ್ಞಾನವನ್ನು ಮುಟ್ಟುವ ಅಂಚಿಗೆ ಮಾತ್ರ ಜಾಗ.

ಪ್ರಧಾನಮಂತ್ರಿಗಳೇ ಕುಳಿತರೆ ಸಂಶೋಧನೆಗೆ ತೂಕ ಬರುತ್ತದೆ, ಹಣವೂ ಬರುತ್ತದೆ ಎನ್ನುವವರಿದ್ದಾರೆ. ಆ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಮಂತ್ರಿಗಳು ಒಂದೊಂದೇ ಪ್ರಸ್ತಾವ ತೆಗೆದು ಅಂಕ ಹಾಕುತ್ತಾರೆ ಎಂದೂ ನಾನು ಹೇಳುತ್ತಿಲ್ಲ, ಆ ಕೆಲಸಕ್ಕೆ ತಜ್ಞರ ಸಮಿತಿಗಳಿವೆ. ಆದರೆ ನೀತಿಯಲ್ಲಿ ಕೊಟ್ಟ ಮಾತು ಕಾಯ್ದೆಯಲ್ಲಿ ಬದಲಾಗಿದೆ. ಹಾಗೆ ಬದಲಾದದ್ದರಿಂದ ಎಲ್ಲರಿಗಿಂತ ಹೆಚ್ಚು ನಷ್ಟವಾಗುವುದು ನಮ್ಮ ಶಿಕ್ಷಣ ಸಂಶೋಧನೆಗೆ. ಯಾಕೆಂದರೆ ಭೌತಶಾಸ್ತ್ರಜ್ಞ ಅಳೆಯುವುದು ನಿಸರ್ಗವನ್ನು. ನಾವು ಅಳೆಯುವುದು ಬಹುಪಾಲು ಸರ್ಕಾರದ್ದೇ ಶಾಲೆ, ಸರ್ಕಾರದ್ದೇ ಪಠ್ಯಪುಸ್ತಕ, ಸರ್ಕಾರದ್ದೇ ಯೋಜನೆ.

ನಲಿ-ಕಲಿಯನ್ನೇ ತೆಗೆದುಕೊಳ್ಳಿ. 1995ರ ಸುಮಾರಿಗೆ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು ಕಟ್ಟಿದ ಪದ್ಧತಿ ಅದು. ಮುಂದೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಕೋಟೆಯಲ್ಲಿ ಶಿಕ್ಷಕರ ಉತ್ಸಾಹದಿಂದ ನಡೆದದ್ದು ಸುತ್ತೋಲೆಯ ಮೂಲಕ ಬಂದಾಗಲೂ ಹಾಗೆಯೇ ನಡೆಯುತ್ತದೆಯೇ? ಕಲಿಕಾ ಏಣಿಯ ಮೇಲೆ ಹಿಂದೆ ಉಳಿದ ಮಗು ಮೂರನೆಯ ತರಗತಿ ದಾಟಿದ ಮೇಲೆ ಏನಾಗುತ್ತದೆ? ಇವು ಬೋಧನಾಭ್ಯಾಸಕ್ಕೆ ಹೋದ ಯಾರ ತಲೆಗಾದರೂ ಹೊಳೆಯುವ ಪ್ರಶ್ನೆಗಳು. ಇವನ್ನು ಸರಿಯಾಗಿ ಕೇಳಲು ಮೂರ್ನಾಲ್ಕು ವರ್ಷ ಬೇಕು, ಹಣ ಬೇಕು, ಮತ್ತು 'ಅಂದುಕೊಂಡಷ್ಟು ಆಗಿಲ್ಲ' ಎಂಬ ಉತ್ತರ ಬಂದರೆ ಅದನ್ನು ಅಚ್ಚು ಹಾಕುವ ಹಕ್ಕು ಬೇಕು. ಹಣ ಕೊಟ್ಟವರು ಯಾರು, ಆ ಉತ್ತರದಿಂದ ಮುಜುಗರಪಡುವವರು ಯಾರು ಎಂದು ನೋಡಿದರೆ ಇಬ್ಬರೂ ಒಬ್ಬರೇ.

ಹಾಗಿದ್ದರೆ ಸರ್ಕಾರದ ಹಣವೇ ಬೇಡ ಎನ್ನೋಣವೇ? ಹಾಗೆ ಅಂದವರು ನಮ್ಮ ಬೆಂಗಳೂರಿನಲ್ಲೇ ಇದ್ದರು. ಸರ್ ಸಿ.ವಿ. ರಾಮನ್ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಆ ಸಂಸ್ಥೆ ಹುಟ್ಟಿದ್ದೇ ಟಾಟಾ ದತ್ತಿ, ಮೈಸೂರು ಸಂಸ್ಥಾನದ ಜಮೀನು, ಭಾರತ ಸರ್ಕಾರದ ಅನುದಾನ ಈ ಮೂರರ ಕೂಟದಿಂದ. ಮೂವರು ಯಜಮಾನರಿದ್ದ ಮನೆಯಲ್ಲಿ ರಾಮನ್‌ಗೂ ಆಡಳಿತಕ್ಕೂ ತಿಕ್ಕಾಟವಾಯಿತು, 1936ರಲ್ಲಿ ಪರಿಶೀಲನಾ ಸಮಿತಿ ಬಂತು, ಮರುವರ್ಷ ಅವರು ನಿರ್ದೇಶಕ ಸ್ಥಾನ ಬಿಟ್ಟು ಪ್ರಾಧ್ಯಾಪಕರಾಗಿ ಉಳಿದರು. 1948ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ತೆರೆದಾಗ ಸರ್ಕಾರದ ಅನುದಾನವನ್ನು ದೂರವೇ ಇಟ್ಟರು. ದೇಣಿಗೆ ಎತ್ತಿ ನಡೆಸಿದರು. ಕೇಳಲು ರೋಮಾಂಚನವಾಗುತ್ತದೆ. ಆದರೆ 1970ರಲ್ಲಿ ಅವರು ತೀರಿಕೊಂಡ ಮೇಲೆ, 1972ರಿಂದ, ಆ ಸಂಸ್ಥೆಯೂ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಅನುದಾನದಿಂದ ನಡೆಯುವ ಸ್ವಾಯತ್ತ ಸಂಸ್ಥೆಯಾಯಿತು. ನೊಬೆಲ್ ಬಂದವರ ಹೆಸರಿಗೆ ದೇಣಿಗೆ ಹುಟ್ಟಬಹುದು. ತಾಲ್ಲೂಕು ಕೇಂದ್ರದ ಬಿ.ಇಡಿ. ಕಾಲೇಜಿನ ಉಪನ್ಯಾಸಕಿಯೊಬ್ಬರು ಐದನೆಯ ತರಗತಿಯ ಮಕ್ಕಳು ಭಾಗಾಕಾರದಲ್ಲಿ ಎಲ್ಲಿ ಎಡವುತ್ತಾರೆ ಎಂದು ನೋಡಲು ಹೊರಟರೆ ಯಾವ ಸಾಹುಕಾರರು ಚೆಕ್ ಬರೆಯುತ್ತಾರೆ?

ಹೊಸ ಪ್ರತಿಷ್ಠಾನದ ಲೆಕ್ಕದಲ್ಲೂ ಇದೇ ತೊಡಕು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಎಂದು ಘೋಷಿಸಿದರಲ್ಲ, ಅದರಲ್ಲಿ ಸರ್ಕಾರದ ಪಾಲು ಸುಮಾರು 14,000 ಕೋಟಿ. ಉಳಿದ 36,000 ಕೋಟಿ ಉದ್ಯಮಗಳು, ದಾನಿಗಳು ಮೊದಲಾದ ಸರ್ಕಾರೇತರ ಮೂಲಗಳಿಂದ ಬರಬೇಕು ಎಂಬ ನಿರೀಕ್ಷೆ. ಉದ್ಯಮಕ್ಕೆ ಬ್ಯಾಟರಿಯಲ್ಲಿ, ಔಷಧಿಯಲ್ಲಿ ಆಸಕ್ತಿ ಇರುವುದು ಸಹಜ. ಬಹುವರ್ಗ ಬೋಧನೆಯಲ್ಲಿ ಇರುವುದಿಲ್ಲ. ಆದ್ದರಿಂದ ನಮ್ಮ ಕ್ಷೇತ್ರಕ್ಕೆ ಸರ್ಕಾರದ ಹಣವೇ ಗತಿ, ಅದನ್ನು ಕೇಳಲು ಸಂಕೋಚವೂ ಬೇಕಿಲ್ಲ. ಅದು ಜನರ ತೆರಿಗೆ ಹಣ.

ಹಣ ಪಡೆದೂ ಆಯ್ಕೆಯಲ್ಲಿ ಸ್ವತಂತ್ರವಾಗಿರುವುದು ಸಾಧ್ಯವೇ ಎಂಬುದು ಹಳೆಯ ಪ್ರಶ್ನೆ. ಬ್ರಿಟನ್ನಿನಲ್ಲಿ 1918ರ ಹಾಲ್ಡೇನ್ ವರದಿಯ ಹೆಸರಿನಲ್ಲಿ ಒಂದು ತತ್ತ್ವವೇ ಬೆಳೆದಿದೆ: ಒಟ್ಟು ಎಷ್ಟು ಹಣ ಎಂಬುದನ್ನು ಮಂತ್ರಿ ತೀರ್ಮಾನಿಸಲಿ, ಯಾವ ಸಂಶೋಧನೆಗೆ ಕೊಡಬೇಕು ಎಂಬುದನ್ನು ಸಂಶೋಧಕರು ತೀರ್ಮಾನಿಸಲಿ. 2017ರಲ್ಲಿ ಅದನ್ನು ಕಾನೂನಿನಲ್ಲೇ ಬರೆದುಕೊಂಡರು. ನಮ್ಮ ಯುಜಿಸಿಯೂ ಅಂಥ ನಡುಗೋಡೆಯಾಗಲಿ ಎಂದೇ ಬಂದದ್ದು. ಆದರೆ 1956ರ ಯುಜಿಸಿ ಕಾಯ್ದೆಯ 20ನೆಯ ವಿಧಿ, ರಾಷ್ಟ್ರೀಯ ಉದ್ದೇಶಗಳಿಗೆ ಸಂಬಂಧಿಸಿದ ನೀತಿಯ ವಿಷಯದಲ್ಲಿ ಆಯೋಗವು ಕೇಂದ್ರದ ನಿರ್ದೇಶನದಂತೆ ನಡೆಯಬೇಕು ಎನ್ನುತ್ತದೆ. ಗೋಡೆ ಕಟ್ಟಿದವರೇ ಬಾಗಿಲನ್ನೂ ಇಟ್ಟುಕೊಂಡಿದ್ದರು.

ಬಾಗಿಲು ಇದ್ದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಉದಾಹರಣೆ ಸಾಕು. ಅಲ್ಲಿ ಸಂಶೋಧನಾ ಮಂಡಳಿಯ ಶಿಫಾರಸಿಗೆ ಮಂತ್ರಿಯ ಒಪ್ಪಿಗೆ ಬೇಕಿತ್ತು. 2017-18ರಲ್ಲಿ ಶಿಕ್ಷಣ ಸಚಿವರು ತಜ್ಞರು ಆಯ್ದ 11 ಮಾನವಿಕ ಯೋಜನೆಗಳನ್ನು ಸದ್ದಿಲ್ಲದೆ ತಿರಸ್ಕರಿಸಿದರು. ಸುದ್ದಿ ಹೊರಬಿದ್ದದ್ದು 2018ರ ಕೊನೆಗೆ. 2021ರ ಕ್ರಿಸ್‌ಮಸ್ ಹಿಂದಿನ ದಿನ ಇನ್ನೂ ಆರು ಯೋಜನೆಗಳು ಬಿದ್ದವು. ಹವಾಮಾನ ಬದಲಾವಣೆಯ ಬಗ್ಗೆ ದನಿ ಎತ್ತುವ ವಿದ್ಯಾರ್ಥಿಗಳ ಕುರಿತ ಅಧ್ಯಯನವೂ ಅದರಲ್ಲಿತ್ತು. ನಮ್ಮಂಥ ಶಿಕ್ಷಕರು ಆಸಕ್ತಿಯಿಂದ ಓದಬಹುದಾಗಿದ್ದ ಅಧ್ಯಯನ! ಗದ್ದಲವಾಯಿತು, ಪರಿಶೀಲನಾ ಸಮಿತಿ ಬಂತು, 2024ರಲ್ಲಿ ಕಾನೂನು ತಿದ್ದಿ ಬಹುತೇಕ ಅನುದಾನಗಳ ಒಪ್ಪಿಗೆಯನ್ನು ಒಂದು ಮಂಡಳಿಗೆ ವಹಿಸಿದರು. ಸರ್ಕಾರದ ಹಣ ನಿಲ್ಲಲಿಲ್ಲ. ಒಂದು ಸಹಿ ಮಾತ್ರ ಬೇರೆ ಕಡೆಗೆ ಹೋಯಿತು.

ಇಷ್ಟೆಲ್ಲ ಹೇಳಿದರೂ, ಶಿಕ್ಷಕ ಶಿಕ್ಷಣದಲ್ಲಿರುವವರಿಗೆ ಇದಕ್ಕಿಂತ ಹತ್ತಿರದ ಕಥೆ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮದ್ದು. 1972ರಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸ್ವಯಂಸೇವಾ ಸಂಸ್ಥೆಗಳು ಸರ್ಕಾರದ ಅನುಮತಿ ಪಡೆದು 16 ಮಾಧ್ಯಮಿಕ ಶಾಲೆಗಳಲ್ಲಿ ಶುರುಮಾಡಿದವು. ಆರರಿಂದ ಎಂಟನೆಯ ತರಗತಿಯ ಮಕ್ಕಳು ವಿಜ್ಞಾನವನ್ನು ಕಂಠಪಾಠ ಮಾಡದೆ ಗುಂಪಿನಲ್ಲಿ ಪ್ರಯೋಗ ಮಾಡಿ ಕಲಿಯಬೇಕು. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಬಹುದು, ಪ್ರಯೋಗ ಪರೀಕ್ಷೆಯೂ ಉಂಟು. ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನದ ಅಧ್ಯಾಪಕರು ಹಳ್ಳಿ ಶಾಲೆಗಳಿಗೆ ಬಂದು ಶಿಕ್ಷಕರ ಜೊತೆ ಕೂತು ಪಾಠಗಳನ್ನು ಕಟ್ಟಿದರು. ಅವರು ಅಲ್ಲಿ ಬಂದು ಉಳಿಯಲು ಯುಜಿಸಿ ಫೆಲೋಶಿಪ್ ಕೊಟ್ಟಿತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ: ವಿಶ್ವವಿದ್ಯಾಲಯದ ಅಧ್ಯಾಪಕ ಆರನೆಯ ತರಗತಿಯ ಪಾಠದ ಮೇಲೆ ಕೆಲಸ ಮಾಡುವುದನ್ನು ಸಂಶೋಧನೆಯೆಂದೇ ಒಪ್ಪಿ ಸಾರ್ವಜನಿಕ ಹಣ ಕೊಟ್ಟ ಕಾಲವೊಂದಿತ್ತು. 1978ರಲ್ಲಿ ಕಾರ್ಯಕ್ರಮ ಇಡೀ ಜಿಲ್ಲೆಗೆ ಹಬ್ಬಿತು, 1982ರಲ್ಲಿ ಏಕಲವ್ಯ ಸಂಸ್ಥೆ ಹುಟ್ಟಿ ಅದನ್ನು ವಹಿಸಿಕೊಂಡಿತು, ಬೇರೆ ಜಿಲ್ಲೆಗಳ ನೂರಾರು ಶಾಲೆಗಳಿಗೂ ಹೋಯಿತು.

2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು. ಮೂವತ್ತು ವರ್ಷದ ಕೆಲಸ. ದೇಶದ ಹೆಸರಾಂತ ವಿಜ್ಞಾನಿಗಳು, ಶಿಕ್ಷಣ ತಜ್ಞರು ಬೇಡವೆಂದರೂ ತೀರ್ಮಾನ ಬದಲಾಗಲಿಲ್ಲ. ನಿಲ್ಲಿಸುವ ಅಧಿಕಾರ ಸರ್ಕಾರಕ್ಕೆ ಇರಲಿಲ್ಲವೆಂದಲ್ಲ. ಶಾಲೆಗಳು ಅದರವು, ಮತದಾರರಿಗೆ ಉತ್ತರ ಕೊಡಬೇಕಾದವರೂ ಅವರೇ. ಆದರೆ ಇತ್ತ ಕಾರ್ಯಕ್ರಮದವರು ಮಕ್ಕಳು ಚೆನ್ನಾಗಿ ಕಲಿಯುತ್ತಿದ್ದಾರೆ ಎಂದರು, ಅತ್ತ ವಿರೋಧಿಗಳು ಮುಂದಿನ ಪರೀಕ್ಷೆಗಳಲ್ಲಿ ಹಿಂದೆ ಬೀಳುತ್ತಾರೆ ಎಂದರು. ಎರಡನ್ನೂ ತೂಗಿ, ಇಬ್ಬರಿಗೂ ಸೇರದ ಒಂದು ಸಂಸ್ಥೆ ಹೇಳಿದ ಮಾತಿನ ಮೇಲೆ ತೀರ್ಮಾನ ನಿಲ್ಲಲಿಲ್ಲ. ನನಗೆ ಆ ಕಾರ್ಯಕ್ರಮದ ಮೇಲೆ ಅಭಿಮಾನವಿದೆ. ಅಭಿಮಾನಿಗಳಿಗೂ ಅಂಥ ತೂಗುವ ಕೈ ಬೇಕಿತ್ತು ಎಂದೇ ನನ್ನ ಅನಿಸಿಕೆ. ಹೊಗಳಿಕೆಯಿಂದ ಕಾರ್ಯಕ್ರಮಗಳು ಉಳಿಯುವುದಿಲ್ಲ.

ಸ್ವಾತಂತ್ರ್ಯ ಎಂದರೆ ಲೆಕ್ಕ ಕೊಡದೆ ಇರುವುದಲ್ಲ. ಬಿಲ್ಲು, ರಸೀದಿ, ಬಳಕೆ ಪ್ರಮಾಣಪತ್ರ ಎಲ್ಲವನ್ನೂ ಕೇಳಲಿ. ತಜ್ಞರ ಕೈಗೆ ಕೊಟ್ಟ ಮಾತ್ರಕ್ಕೆ ನ್ಯಾಯವಾಗುತ್ತದೆ ಎಂಬ ಭ್ರಮೆಯೂ ನನಗಿಲ್ಲ. ತಮ್ಮ ಶಿಷ್ಯರಿಗೆ, ತಮ್ಮ ಜಾತಿಗೆ, ತಮ್ಮ ವಿಭಾಗಕ್ಕೆ ಎಂದು ಹಂಚಿಕೊಳ್ಳುವ ಸಮಿತಿಗಳನ್ನು ವಿಶ್ವವಿದ್ಯಾಲಯಗಳಲ್ಲಿ ಕಾಣದವರು ಯಾರು? ಅದಕ್ಕೆ ಮದ್ದು ಮಂತ್ರಿಯ ಸಹಿ ಅಲ್ಲ. ಆಯ್ಕೆಯಾದ ಮತ್ತು ಆಯ್ಕೆಯಾಗದ ಪ್ರಸ್ತಾವಗಳ ಮೇಲಿನ ಟಿಪ್ಪಣಿಯನ್ನು ಬರೆದವರಿಗೆ ಕೊಡುವುದು, ಸಮಿತಿಯವರನ್ನು ಸರದಿಯಂತೆ ಬದಲಿಸುವುದು.

ಇನ್ನು ಬೆಂಗಳೂರು, ದೆಹಲಿಯಲ್ಲಿ ಕೂತವರಿಗೆ ಕಾಣದ ಎರಡು ಬೀಗಗಳಿವೆ. ಮೊದಲನೆಯದು ಕಾಲದ್ದು. ನಾನು ಭಾಗಿಯಾಗಿದ್ದ ಒಂದು ಸಣ್ಣ ಯೋಜನೆಗೆ ಮಂಜೂರಾತಿ ಪತ್ರ ಜುಲೈನಲ್ಲಿ ಬಂತು, ಹಣ ಬಂದದ್ದು ಫೆಬ್ರುವರಿ ಮೂರನೆಯ ವಾರ. ಮಾರ್ಚ್ 31ರೊಳಗೆ ಖರ್ಚು ತೋರಿಸಬೇಕು. ಶಾಲೆಗಳಲ್ಲಿ ಆಗ ಪುನರಾವರ್ತನೆ, ಪರೀಕ್ಷೆ. ಮಕ್ಕಳ ಕಲಿಕೆ ನೋಡಲು ತೆಗೆದ ಹಣದಲ್ಲಿ ಕಡೆಗೆ ಒಂದು ಕಾರ್ಯಾಗಾರ ಮಾಡಿ, ಫೈಲು-ಪೆನ್ನು ಹಂಚಿ, ಫೋಟೊ ತೆಗೆಸಿಕೊಂಡದ್ದಾಯಿತು. ಯಾರೂ ಅಡ್ಡಿ ಮಾಡಿರಲಿಲ್ಲ. ತಡವಾಗಿ ಬಂದ ಹಣ ತಾನೇ ಸಂಶೋಧನೆಯ ದಿಕ್ಕು ತಿರುಗಿಸಿತು.

ಎರಡನೆಯ ಬೀಗ ಅನುಮತಿಯದು. ಶಾಲೆಯೊಳಗೆ ಕಾಲಿಡಲು ಕ್ಷೇತ್ರ ಶಿಕ್ಷಣಾಧಿಕಾರಿಗಳ ಪತ್ರ ಬೇಕು. ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೇ. ಆದರೆ 'ಗುಂಪು ಚಟುವಟಿಕೆಯ ಪರಿಣಾಮ' ಎಂಬ ಶೀರ್ಷಿಕೆಗೆ ಎರಡು ದಿನದಲ್ಲಿ ಸಿಗುವ ಪತ್ರ, 'ಶಿಕ್ಷಕರ ಬೋಧನೇತರ ಕೆಲಸದ ಹೊರೆ' ಎಂಬ ಶೀರ್ಷಿಕೆಗೆ ಎರಡು ತಿಂಗಳಾದರೂ ಸಿಗುವುದಿಲ್ಲ. ಹೀಗಾಗಿ ಎಂ.ಇಡಿ. ವಿದ್ಯಾರ್ಥಿ ಯಾರೂ ಹೇಳದಿದ್ದರೂ ಮೊದಲನೆಯ ಶೀರ್ಷಿಕೆಯನ್ನೇ ಆರಿಸಿಕೊಳ್ಳುತ್ತಾನೆ. ಅನುಮತಿ ಕೊಡದಿದ್ದರೆ ಕಾರಣವನ್ನು ಬರೆದು, ಹದಿನೈದು ದಿನದೊಳಗೆ ತಿಳಿಸಬೇಕು ಎಂಬ ಒಂದು ಸಾಲಿನ ಆದೇಶಕ್ಕೆ ಸಂಸತ್ತಿನ ಕಾಯ್ದೆ ಬೇಕಿಲ್ಲ. ನಮ್ಮ ವಿಶ್ವವಿದ್ಯಾಲಯಗಳು ಇಲಾಖೆಯ ಜೊತೆ ಕೂತು ಪಡೆದುಕೊಳ್ಳಬಹುದಾದದ್ದು.

ಇದರ ಫಲ ನಮ್ಮ ಕ್ರಿಯಾ ಸಂಶೋಧನೆಯ ವರದಿಗಳಲ್ಲಿ ಕಾಣುತ್ತದೆ. ಪೂರ್ವ ಪರೀಕ್ಷೆಯಲ್ಲಿ ಮಕ್ಕಳು ಹಿಂದೆ, ಎರಡು ವಾರದ ಕ್ರಿಯಾಯೋಜನೆ, ಉತ್ತರ ಪರೀಕ್ಷೆಯಲ್ಲಿ ಎಲ್ಲರೂ ಮುಂದೆ. ಓದಿದ ನೂರಾರು ವರದಿಗಳಲ್ಲಿ 'ಪ್ರಗತಿ ಕಂಡುಬರಲಿಲ್ಲ' ಎಂದು ಬರೆದದ್ದು ನನಗೆ ನೆನಪಿರುವಂತೆ ಬೆರಳೆಣಿಕೆಯಷ್ಟು. ಆಂತರಿಕ ಅಂಕ ಕೊಡುವವರಿಗೆ ಯಾವ ಉತ್ತರ ಇಷ್ಟ ಎಂಬುದು ಪ್ರಶಿಕ್ಷಣಾರ್ಥಿಗೆ ಗೊತ್ತು. ಇಪ್ಪತ್ತೆರಡನೆಯ ವಯಸ್ಸಿಗೆ ಕಲಿತ ಆ ಪಾಠವೇ ಮುಂದೆ ಪಿಎಚ್.ಡಿ.ಗೆ, ಯೋಜನಾ ವರದಿಗೆ, ಇಲಾಖೆ ಕೇಳುವ ಮೌಲ್ಯಮಾಪನಕ್ಕೆ ಹೋಗುತ್ತದೆ. ಅಂಥವರ ಕೈಗೆ ನಾಳೆ ಪೂರ್ಣ ಸ್ವಾಯತ್ತ ಪ್ರತಿಷ್ಠಾನವನ್ನೇ ಕೊಟ್ಟರೂ, ಮಂತ್ರಿ ಕೇಳುವ ಮೊದಲೇ ಅವರಿಗೆ ಬೇಕಾದ ಉತ್ತರ ಸಿದ್ಧವಾಗಿರುತ್ತದೆ.

ಈ ವರ್ಷದ ಬೋಧನಾಭ್ಯಾಸದಿಂದ ಬಂದ ಎರಡು ವರದಿಗಳು ಈಗ ನನ್ನ ಮೇಜಿನ ಮೇಲಿವೆ. ಕಾಗದ ಮಡಚಿ ಭಿನ್ನರಾಶಿ ಕಲಿಸಿದ್ದು ಒಂದು. ಮಕ್ಕಳು ಕಾಗದವನ್ನು ಚೆನ್ನಾಗಿ ಮಡಚಿದರು, ಆದರೆ ಮೂರನೆಯ ಒಂದಕ್ಕಿಂತ ನಾಲ್ಕನೆಯ ಒಂದು ದೊಡ್ಡದು ಎಂದೇ ಕೊನೆಯವರೆಗೂ ಬರೆದರು. ಇನ್ನೊಂದು ಬೆಳಗಿನ ಅರ್ಧ ಗಂಟೆ ಗಟ್ಟಿಯಾಗಿ ಓದಿಸಿದ್ದು. ಅದರಲ್ಲಿ ಅರ್ಧದಷ್ಟು ದಿನ ತರಗತಿಯ ಶಿಕ್ಷಕಿಯನ್ನು ಬೇರೆ ಕೆಲಸಕ್ಕೆ ಕರೆದಿದ್ದರು ಎಂದು ದಿನಾಂಕ ಸಮೇತ ಪಟ್ಟಿ ಇದೆ. ಎರಡನ್ನೂ ಶೀರ್ಷಿಕೆ ಬದಲಿಸದೆ, ಪಟ್ಟಿ ತೆಗೆಯದೆ ಮುಂದಿನ ಸಂಚಿಕೆಗೆ ಕೊಡಬೇಕೆಂದು ಸಂಪಾದಕ ಮಂಡಳಿಯನ್ನು ಕೇಳಿಕೊಂಡಿದ್ದೇನೆ.