ರೋಲ್‌ಕಾಲ್ ಆಟ ಅಲ್ಲ ಗುರು

1/6
ಉದ್ದ ಇದೆ, ಆರು ಪೋಸ್ಟ್. ಈಗ ಟೈಮ್ ಇಲ್ಲ ಅನ್ನೋರು ಸೇವ್ ಮಾಡ್ಕೊಳ್ಳಿ, ಆದರೆ ಗುರುವಾರದ ಪೋಲ್‌ಗೆ ಮುಂಚೆ ಓದಿ.

ಜೂನಿಯರ್ಸ್‌ಗೆ ಗೊತ್ತಿರಲಿಕ್ಕಿಲ್ಲ, ಫೆಸ್ಟ್‌ನ ಗೇಮಿಂಗ್ ಸ್ಟಾಲ್‌ಗೆ ನಮ್ಮ ಕ್ಲಾಸ್ ಗ್ರೂಪ್‌ನಲ್ಲಿ ಓಡ್ತಿರೋ ಐಡಿಯಾ ಇದು: ಒಬ್ಬರ ಮನೆಯ ಹಳೇ ನಿಂಟೆಂಡೊ ವೀ, ಒಂದು ಪ್ರೊಜೆಕ್ಟರ್, 'ದಿ ಗಾಡ್‌ಫಾದರ್: ಬ್ಲ್ಯಾಕ್‌ಹ್ಯಾಂಡ್ ಎಡಿಷನ್' ಡಿಸ್ಕ್. ಗೇಮ್‌ನಲ್ಲಿರೋ ಅಂಗಡಿಯವನಿಂದ ಯಾರು ಬೇಗ ದುಡ್ಡು ಕಕ್ಕಿಸ್ತಾರೋ ಅವರಿಗೆ ಬಹುಮಾನ. ಹೆಸರು 'ರೋಲ್‌ಕಾಲ್ ಚಾಲೆಂಜ್'. ಕಾಲೇಜಲ್ಲಿ ಅಟೆಂಡೆನ್ಸ್‌ಗೂ ಅದೇ ಪದ, ಬೆಂಗಳೂರಿನ ಬೀದಿಯಲ್ಲಿ ವಸೂಲಿಗೂ ಅದೇ ಪದ. ಹೆಸರು ಚೆನ್ನಾಗಿದೆ, ಒಪ್ಪಿದೆ. ನಾನೂ ನಕ್ಕೆ.

ಆದರೂ ಬೇಡ ಅಂತೀನಿ. ಗೇಮ್ ಕೆಟ್ಟದು ಅಂತಲ್ಲ, ರಕ್ತ ಜಾಸ್ತಿ ಅಂತಾನೂ ಅಲ್ಲ. ಅಂಗಡಿ ಇಟ್ಕೊಂಡು ಬದುಕೋನ ಭಯಕ್ಕೆ ಸ್ಟಾಪ್‌ವಾಚ್ ಹಿಡಿಯೋದು ನಮ್ಮ ಬ್ಯಾಚ್ ಹೆಸರಲ್ಲಿ ಬೇಡ.

2/6
ಮೊದಲು ಗೇಮ್‌ಗೆ ಸಲ್ಲಬೇಕಾದ್ದು ಸಲ್ಲಲಿ. 2006ರಲ್ಲಿ ಇಎ ಕಂಪನಿ ಗಾಡ್‌ಫಾದರ್ ಗೇಮ್ ತಂತು. ಪ್ಲೇಸ್ಟೇಷನ್ 2, ಎಕ್ಸ್‌ಬಾಕ್ಸ್, ಪಿಸಿ, ಎಲ್ಲದರಲ್ಲೂ ಬಟನ್ ಒತ್ತೋ ಆಟ. 2007ರ ಮಾರ್ಚ್‌ನಲ್ಲಿ ಅದನ್ನೇ ವೀಗೆ ಹೊಸದಾಗಿ ಒಗ್ಗಿಸಿ ಬ್ಲ್ಯಾಕ್‌ಹ್ಯಾಂಡ್ ಎಡಿಷನ್ ಅಂತ ಬಿಟ್ಟರು. ಬಲಗೈಲಿ ರಿಮೋಟ್, ಎಡಗೈಲಿ ನನ್‌ಚಕ್. ಕೈ ಬೀಸಿದರೆ ಗುದ್ದು. ಬಟನ್ ಒತ್ತಿ ಹಿಡಿದರೆ ಎದುರಿಗಿದ್ದವನ ಕಾಲರ್ ನಿಮ್ಮ ಕೈಲಿ. ಎರಡೂ ಕೈ ಅಲ್ಲಾಡಿಸಿದರೆ ಅವನೂ ಅಲ್ಲಾಡ್ತಾನೆ. ನನ್ನ ಪ್ರಕಾರ ಈ ಗೇಮ್‌ನ ಅತ್ಯುತ್ತಮ ರೂಪ ಇದೇ. ಹತ್ತು ನಿಮಿಷ ಆಡಿ, ಭುಜ ನೋಯುತ್ತೆ.

ರಿಮೋಟ್ ಒಳಗಿರೋದು ಆಕ್ಸಿಲರೋಮೀಟರ್, ನಿಮ್ಮ ಫೋನ್ ತಿರುಗಿಸಿದರೆ ಸ್ಕ್ರೀನ್ ತಿರುಗುತ್ತಲ್ಲ, ಅದೇ ಜಾತಿ. ಕೈ ಎಷ್ಟು ಜೋರಾಗಿ ಜಗ್ಗಿತು ಅಂತ ಅದಕ್ಕೆ ಗೊತ್ತಾಗುತ್ತೆ. ಯಾಕೆ ಜಗ್ಗಿತು ಅಂತ ಗೊತ್ತಾಗಲ್ಲ. ಟೆನಿಸ್ ಬ್ಯಾಟೂ ಅದೇ, ಕಾಲರೂ ಅದೇ. (ವೀ ಬಂದ ಹೊಸದರಲ್ಲಿ ಜನ ಎಷ್ಟು ಜೋರಾಗಿ ಬೀಸಿದರು ಅಂದ್ರೆ ಮಣಿಕಟ್ಟಿನ ದಾರ ಕಿತ್ತು ರಿಮೋಟ್ ಟಿವಿಗೆ ಹಾರ್ತಿತ್ತು. 2006ರ ಡಿಸೆಂಬರ್‌ನಲ್ಲಿ ನಿಂಟೆಂಡೊ 32 ಲಕ್ಷ ದಾರ ಬದಲಾಯಿಸಿ ಕೊಡೋಕೆ ಹೊರಟಿತು. ಸ್ಟಾಲ್‌ನವರು ದಾರ ಕಟ್ಟಿಸಿ, ಪ್ರೊಜೆಕ್ಟರ್ ಬಾಡಿಗೇದು.)

3/6
'ಕೈ ಬೀಸಿ ಆಡಿದರೆ ಹುಡುಗರು ಹಾಳಾಗ್ತಾರೆ' ಅನ್ನೋ ದೊಡ್ಡವರ ಪಾರ್ಟಿಗೆ ನನ್ನನ್ನ ಸೇರಿಸಬೇಡಿ. ಅದೇ 2007ರಲ್ಲಿ 'ಮ್ಯಾನ್‌ಹಂಟ್ 2' ಅನ್ನೋ ಗೇಮ್‌ಗೆ ಬ್ರಿಟನ್‌ನ ಸೆನ್ಸಾರ್ ಸರ್ಟಿಫಿಕೇಟ್ ಕೊಡಲ್ಲ ಅಂತು. ಅಮೆರಿಕದಲ್ಲಿ ವಯಸ್ಕರಿಗೆ ಮಾತ್ರ ಅಂತ ಮುದ್ರೆ ಬಿತ್ತು, ಅದನ್ನ ತಗ್ಗಿಸೋಕೆ ಗೇಮನ್ನೇ ತಿದ್ದಬೇಕಾಯ್ತು. ವೀಯಲ್ಲಿ ಕೈಯಾರೆ ಇರಿಯೋ ಹಾಗೆ ಆಡಬೇಕು ಅನ್ನೋದು ಆ ಗಲಾಟೆಗೆ ಇನ್ನಷ್ಟು ತುಪ್ಪ ಸುರೀತು. ನನಗೆ ಆ ವಾದ ಯಾವತ್ತೂ ಹಿಡಿಸಿಲ್ಲ. ವೀ ಟೆನಿಸ್ ಆಡಿ ಯಾರೂ ಫೆಡರರ್ ಆಗಲಿಲ್ಲ.

ನನ್ನ ತಕರಾರು ಕೈ ಮೇಲಲ್ಲ, ಮೀಟರ್ ಮೇಲೆ. ಅಂಗಡಿಯವನನ್ನ ಹೆದರಿಸ್ತಾ ಹೋದ ಹಾಗೆ ಒಂದು ಮೀಟರ್ ಏರುತ್ತೆ. ಸರಿಯಾದ ಜಾಗಕ್ಕೆ ಬಂದಾಗ ನಿಲ್ಲಿಸಿದರೆ ವಾರವಾರ ದುಡ್ಡು. ಅತಿ ಆದರೆ ಅವನು ತಿರುಗಿ ಬೀಳ್ತಾನೆ, ಡೀಲ್ ಕ್ಯಾನ್ಸಲ್. ಅಂದ್ರೆ ಜಾಣತನ ಯಾವುದು? ಅವನು ಮುರಿಯೋಕೆ ಒಂದೇ ಒಂದು ಚೂರು ಮುಂಚೆ ಕೈ ಬಿಡೋದು. ಗೇಮ್ ಇದನ್ನ ಒಗಟಿನ ಥರ ಕೊಡುತ್ತೆ, ಬಿಡಿಸಿದರೆ ಖುಷಿಯಾಗುತ್ತೆ. ನನಗೂ ಆಗುತ್ತೆ. ನಮ್ಮ ಚಾಲೆಂಜ್ ಬಹುಮಾನ ಕೊಡೋಕೆ ಹೊರಟಿರೋದು ಕರೆಕ್ಟಾಗಿ ಆ ಜಾಣತನಕ್ಕೆ.

4/6
ಈಗ ಹೆಸರಿನ ಕಥೆ. ಬ್ಲ್ಯಾಕ್ ಹ್ಯಾಂಡ್, 'ಕರಿ ಕೈ' ಅನ್ನೋದು ನಿಜವಾಗಿ ಇದ್ದ ದಂಧೆ. 1900ರ ಆಸುಪಾಸು ನ್ಯೂಯಾರ್ಕ್‌ನಲ್ಲಿ ಇಟಲಿಯಿಂದ ವಲಸೆ ಬಂದ ಅಂಗಡಿಯವರಿಗೆ ಕಾಗದ ಬರ್ತಿತ್ತು: ಇಷ್ಟು ದುಡ್ಡು ಇಡು, ಇಲ್ಲಾ ಅಂದ್ರೆ ಅಂಗಡಿ ಉಡಾಯಿಸ್ತೀವಿ. ಕೆಳಗೆ ಕಪ್ಪು ಕೈಯ ಚಿತ್ರ. ಬರೆಯೋರೂ ಇಟಲಿಯವರೇ, ಹೆದರೋರೂ ಇಟಲಿಯವರೇ. ಇದರ ಹಿಂದೆ ಬಿದ್ದ ನ್ಯೂಯಾರ್ಕ್ ಪೊಲೀಸ್ ಅಧಿಕಾರಿ ಜೋ ಪೆಟ್ರೊಸಿನೊ ಕೂಡ ಇಟಲಿಯಲ್ಲೇ ಹುಟ್ಟಿದವನು. 1909ರಲ್ಲಿ ತನಿಖೆಗೆ ಅಂತ ಸಿಸಿಲಿಯ ಪಲೆರ್ಮೊಗೆ ಹೋದಾಗ ಅವನನ್ನ ಗುಂಡಿಟ್ಟು ಕೊಂದರು.

'ಗಾಡ್‌ಫಾದರ್ 2' ನೋಡಿದ್ದೀರಲ್ಲ? ಬಿಳೀ ಸೂಟ್ ಹಾಕ್ಕೊಂಡು ಬೀದಿಯಲ್ಲಿ ವಸೂಲಿ ಮಾಡೋ ಫಾನುಚ್ಚಿ, ಅವನೇ ಕರಿ ಕೈಯವನು. ವೀಟೋ ಮೊದಲು ಕೊಲ್ಲೋದು ಅವನನ್ನೇ. ಬೀದಿಯವರು ಉಸಿರು ಬಿಡ್ತಾರೆ. ಆಮೇಲೆ ವೀಟೋನೇ ಆ ಕುರ್ಚೀಲಿ ಕೂರ್ತಾನೆ ಅನ್ನೋದು ಆ ಸಿನಿಮಾದ ನೋವು. ಗೇಮ್‌ನವರು ಬಾಕ್ಸ್ ಮೇಲೆ ಹೆಮ್ಮೆಯಿಂದ ಹಾಕಿರೋದು ಫಾನುಚ್ಚಿಯ ಬ್ರ್ಯಾಂಡು! ನಿರ್ದೇಶಕ ಕೊಪ್ಪೊಲಾ 2005ರಲ್ಲೇ ನನ್ನನ್ನ ಕೇಳಿ ಮಾಡಿದ ಗೇಮ್ ಅಲ್ಲ, ನನಗಿದು ಒಪ್ಪಿಗೆ ಇಲ್ಲ ಅಂದಿದ್ದರು.

5/6
ನ್ಯೂಯಾರ್ಕ್ ಬಿಡಿ, ನಮ್ಮ ಕಡೆ ಬನ್ನಿ. ಕೊತ್ವಾಲ್ ರಾಮಚಂದ್ರನ ಕೊಲೆ 1986ರಲ್ಲಿ. ಜಯರಾಜ್‌ನನ್ನ ಕೊಂದಿದ್ದು 1989ರಲ್ಲಿ, ಲಾಲ್‌ಬಾಗ್ ಹತ್ತಿರ, ನಾವು ದಿನಾ ಬಸ್ಸಲ್ಲಿ ದಾಟೋ ಏರಿಯಾ. 1995ರ 'ಓಂ'ನಲ್ಲಿ ಉಪೇಂದ್ರ ನಿಜವಾದ ರೌಡಿಗಳನ್ನೇ ತೆರೆ ಮೇಲೆ ತಂದರು. ಬ್ಲ್ಯಾಕ್‌ಹ್ಯಾಂಡ್ ಬಂದ 2007ರಲ್ಲೇ ಅಗ್ನಿ ಶ್ರೀಧರ್ ಪುಸ್ತಕದ ಮೇಲೆ ಕೆ.ಎಂ. ಚೈತನ್ಯ 'ಆ ದಿನಗಳು' ಮಾಡಿದರು. ಒಳ್ಳೇ ಸಿನಿಮಾ, ಕೊತ್ವಾಲ್ ಬಂದರೆ ಎದೆ ಝಲ್ ಅನ್ನುತ್ತೆ. ಆದರೆ ನಮ್ಮ ರೀಲ್ಸ್‌ಗೆ ಏನು ಉಳೀತು? ಸ್ಲೋ ಮೋಷನ್ ನಡಿಗೆ, ಬಿಜಿಎಮ್, ಕೆಳಗೆ 'ಡಾನ್ ಬಾಸ್'. ಭಯ ಪಟ್ಟವನ ಶಾಟ್ ಇರೋ ಒಂದು ಎಡಿಟ್ ತೋರಿಸಿ ನೋಡೋಣ.

ಭಯ ಪಟ್ಟವನು ನಮ್ಮ ಮನೇಲೇ ಇದ್ದಾರೆ. ಬನಶಂಕರಿಯಲ್ಲಿ ನಮ್ಮ ಮಾವನದು ಸಣ್ಣ ಜೆರಾಕ್ಸ್ ಅಂಗಡಿ. ಗಣೇಶ, ರಾಜ್ಯೋತ್ಸವ, ಅಣ್ಣಮ್ಮ, ಎಲ್ಲದಕ್ಕೂ ರಸೀದಿ ಪುಸ್ತಕ ಬರುತ್ತೆ. ಪ್ರೀತಿಯಿಂದ ಕೇಳೋರು ಜಾಸ್ತಿ, ಮಾವ ಪ್ರೀತಿಯಿಂದಲೇ ಕೊಡ್ತಾರೆ. ಒಂದು ಗುಂಪು ಮಾತ್ರ ಮೊತ್ತ ಬರೆದುಕೊಂಡೇ ಬರ್ತಾರೆ. ಬೈಯಲ್ಲ, ಕಾಲರ್ ಮುಟ್ಟಲ್ಲ. ಕೌಂಟರ್‌ಗೆ ಒರಗಿ 'ಅಣ್ಣಾ, ಅಂಗಡಿ ಚೆನ್ನಾಗಿ ನಡೀತಿದೆ ಅಲ್ವಾ' ಅಂತಾರೆ, ಬೋರ್ಡ್ ಕಡೆ ನೋಡ್ತಾರೆ, ಗಾಜಿನ ಕಡೆ ನೋಡ್ತಾರೆ. ಮಾವ 2000 ಎಣಿಸಿ ಕೊಟ್ಟು ಲೆಕ್ಕದ ಪುಸ್ತಕದಲ್ಲಿ 'ದೇವರ ಖರ್ಚು' ಅಂತ ಬರೀತಾರೆ. ಪುಟಕ್ಕೆ 2 ರೂಪಾಯಿ ಅಂದ್ರೆ ಸಾವಿರ ಪುಟ. ಪೇಪರು, ಇಂಕು, ಕರೆಂಟು ಕಳೆದಿಲ್ಲ ಇನ್ನೂ. ಅತ್ತೆ ಕೇಳಿದರೆ ಅವರಿಗೂ ದೇವರ ಖರ್ಚು ಅಂತಾನೇ ಹೇಳ್ತಾರೆ. ಮೀಟರ್ ಎಲ್ಲಿ ನಿಲ್ಲಿಸಬೇಕು ಅಂತ ಆ ಗುಂಪಿಗೆ ಯಾವ ಗೇಮೂ ಹೇಳಿಕೊಡಬೇಕಿಲ್ಲ.

ಜಯನಗರ 4ನೇ ಬ್ಲಾಕ್ ಫುಟ್‌ಪಾತ್‌ನಲ್ಲಿ ಕ್ಲಿಪ್, ಸಾಕ್ಸ್ ಮಾರೋರ ಹತ್ತಿರ ನಾವೆಲ್ಲ ಚೌಕಾಸಿ ಮಾಡ್ತೀವಲ್ಲ, ಬೀದಿ ವ್ಯಾಪಾರಿಗಳಿಗೆ ಅಂತಲೇ 2014ರಲ್ಲಿ ಕಾನೂನು ಬಂತು, ಸರ್ಟಿಫಿಕೇಟ್ ಕೊಡಬೇಕು ಅಂತ ಅದರಲ್ಲಿದೆ. 'ಮಾಮೂಲು' ಅನ್ನೋ ಪದ ಮಾತ್ರ ಇನ್ನೂ ಮಾಮೂಲಾಗೇ ಇದೆ. ಹೆದರಿಸಿ ದುಡ್ಡು ಕೀಳೋದಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 308ರಲ್ಲಿ ಏಳು ವರ್ಷದವರೆಗೆ ಜೈಲು. ಹೊಡೀಲೇಬೇಕು ಅಂತಿಲ್ಲ, ಭಯ ಹುಟ್ಟಿಸಿ ಕಿತ್ತುಕೊಂಡರೆ ಸಾಕು.

6/6
ಡಿಎಮ್‌ನಲ್ಲಿ ಆಗಲೇ ಬಂದ ಉತ್ತರಗಳು.

'ಗೇಮ್ ತಾನೇ ಮಗಾ.' ಹೌದು. ಮನೇಲಿ ಆಡು, ನಾನೂ ಬರ್ತೀನಿ, ಇನ್ನೊಂದು ರಿಮೋಟ್ ತರ್ತೀನಿ. ಮೈಕ್ ಹಿಡಿದು, ಬ್ಯಾನರ್ ಕಟ್ಟಿ, ಕ್ಯಾಂಟೀನ್ ಅಣ್ಣ, ಜೆರಾಕ್ಸ್ ಅಣ್ಣ ಓಡಾಡೋ ಕಾರಿಡಾರ್‌ನಲ್ಲಿ ಬಹುಮಾನ ಕೊಡೋದು ಗೇಮ್ ಅಲ್ಲ, ಫಂಕ್ಷನ್.

'ಹಾಗಾದ್ರೆ ಫೈಟಿಂಗ್ ಗೇಮ್ ಎಲ್ಲಾ ತೆಗೀಬೇಕಾ?' ಬೇಡಪ್ಪ. ಇಬ್ಬರು ಗ್ಯಾಂಗ್‌ಸ್ಟರ್ ಹೊಡೆದಾಡ್ಕೊಳ್ಳಲಿ, ಇಬ್ಬರೂ ಒಪ್ಪಿ ಇಳಿದ ಜಗಳ ಅದು. ಅಂಗಡಿಯವನು ಯಾವುದಕ್ಕೂ ಇಳಿದಿಲ್ಲ, ಬೆಳಗ್ಗೆ ಶಟರ್ ಎತ್ತಿದ್ದಾನೆ ಅಷ್ಟೇ.

'ನಿನ್ನ ಮಾವನ ಕಥೆಯಿಂದ ನಮ್ಮ ಸ್ಟಾಲ್ ಹಾಳು ಮಾಡ್ತಿದ್ದೀಯ.' ಗ್ರೂಪ್‌ನಲ್ಲಿ ಅಪ್ಪ ಅಮ್ಮ ಅಂಗಡಿ ಇಟ್ಟಿರೋರು ಎಷ್ಟು ಜನ ಅಂತ ಎಣಿಸಿ. ಬೇಕರಿ, ಪ್ರಾವಿಷನ್ ಸ್ಟೋರ್, ಟೈಲರ್, ಬಿಟಿಎಮ್‌ನಲ್ಲಿ ಪಿಜಿ ನಡೆಸೋರು. ಅವರು ಯಾಕೆ ಬೆಂಕಿ ಇಮೋಜಿ ಹಾಕಲಿಲ್ಲ ಅಂತ ಒಂದ್ಸಲ ಅವರನ್ನೇ ಕೇಳಿ.

ಸ್ಟಾಲ್ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ. ಅದೇ ವೀ, ಅದೇ ಪ್ರೊಜೆಕ್ಟರ್, ಅದೇ ಡಿಸ್ಕೇ ಇರಲಿ. ವೈರಿ ಗ್ಯಾಂಗ್‌ನವರ ಜೊತೆ ಬರಿಗೈ ಫೈಟ್, ಮೂರು ನಿಮಿಷದಲ್ಲಿ ಎಷ್ಟು ಜನರನ್ನ ಕೆಡವ್ತೀರ ಅಂತ ಸ್ಕೋರ್ ಇಡೋಣ. ಅಂಗಡಿಯೊಳಗೆ ಹೋದರೆ ಔಟ್. ಇಲ್ಲಾ ಅಂದ್ರೆ ವೀ ಬಾಕ್ಸಿಂಗ್, ಅದು ಡಿಸ್ಕ್ ಹಾಕಿದ ತಕ್ಷಣ ಎಲ್ಲರಿಗೂ ಬರುತ್ತೆ, ಲೆಕ್ಚರರ್‌ಗಳನ್ನೂ ಎಳೆದು ತರಬಹುದು.

ಗುರುವಾರ ರಾತ್ರಿ 9ಕ್ಕೆ ಪೋಲ್. ನಾನು ಬರಿಗೈ ಫೈಟ್‌ಗೆ ಹಾಕ್ತಿದ್ದೀನಿ. ರೋಲ್‌ಕಾಲ್‌ಗೆ ಹಾಕೋರು ಇಮೋಜಿ ಬೇಡ, ಕಾರಣ ಬರೀರಿ, ಓದ್ತೀನಿ.